ಮಾವನ ಎನ್‌ಲಾರ್ಜರ್‌ಗೆ ಕ್ಯಾಮೆರಾ ಕಟ್ಟಿದ್ದು

ನನ್ನ ಸೋದರ ಮಾವನ ಸ್ಟುಡಿಯೋ ಇದ್ದದ್ದು ದಾವಣಗೆರೆಯ ಮಂಡಿಪೇಟೆಯ ಹತ್ತಿರ. ಬಾಗಿಲು ಹಾಕಿ ಬಹಳ ವರ್ಷ ಆಯಿತು. ಅಂಗಡಿ ಖಾಲಿ ಮಾಡುವಾಗ ಪರದೆ, ಕುರ್ಚಿ, ದೀಪದ ಸ್ಟ್ಯಾಂಡು ಎಲ್ಲ ಯಾರ್‍ಯಾರದೋ ಪಾಲಾದವು. ನೆಗೆಟಿವ್ ಪೆಟ್ಟಿಗೆಗಳು ಮತ್ತು ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಮಾತ್ರ ಪಿ.ಬಿ. ರಸ್ತೆ ಮಗ್ಗುಲಿನ ನಮ್ಮ ಮನೆಯ ಅಟ್ಟ ಸೇರಿದವು. ಈ ವರ್ಷ ಮಾರ್ಚ್‌ನಲ್ಲಿ ಅಟ್ಟ ಹತ್ತಿ ಒಂದು ಪೆಟ್ಟಿಗೆ ತೆರೆದೆ. ಹುಳಿ ವಾಸನೆ ಮೂಗಿಗೆ ಹೊಡೆಯಿತು.

ಆ ವಾಸನೆ ಬಂದರೆ ತಡ ಮಾಡಬಾರದು. ಹಳೆಯ ಫಿಲ್ಮಿನ ತಳ ಅಸಿಟೇಟ್. ಸೆಕೆಗೂ ತೇವಕ್ಕೂ ಅದು ಕೆಡುತ್ತಾ ಬಂದಂತೆ ಅಸಿಟಿಕ್ ಆಸಿಡ್ ಬಿಡುತ್ತದೆ. ಅಡುಗೆಮನೆಯ ವಿನೆಗರ್‌ನಲ್ಲಿ ಇರುವುದೂ ಅದೇ. ಆ ಆಸಿಡ್ಡು ಪಕ್ಕದಲ್ಲಿರುವ ಫಿಲ್ಮನ್ನೂ ಬೇಗ ಕೆಡಿಸುತ್ತದೆ. ಒಮ್ಮೆ ಹಿಡಿಯಿತೆಂದರೆ ಬಿಡಿಸಲು ಆಗುವುದಿಲ್ಲ. ತಣ್ಣಗೆ, ಒಣಗಿದ ಜಾಗದಲ್ಲಿ ಇಟ್ಟರೆ ನಿಧಾನ ಆಗುತ್ತದೆ, ಅಷ್ಟೆ. ಫಿಲ್ಮು ಕುಗ್ಗಿ, ಸುರುಳಿಯಾಗಿ, ಚಿತ್ರ ಇರುವ ಪದರ, ಅಂದರೆ ಎಮಲ್ಷನ್, ಏಳುವ ಮೊದಲು ಅದರಲ್ಲಿರುವ ಚಿತ್ರವನ್ನು ಬೇರೆ ಕಡೆ ಇಳಿಸಿಕೊಳ್ಳಬೇಕು.

ಒಟ್ಟು 11 ಪೆಟ್ಟಿಗೆ. ಹೆಚ್ಚಿನವು 120 ಫಿಲ್ಮಿನ ಚೌಕ ನೆಗೆಟಿವ್, ಮಾವ ಯಾಶಿಕಾ ಮ್ಯಾಟ್‌ನಲ್ಲಿ ತೆಗೆದವು. ಸ್ವಲ್ಪ 35 ಎಂಎಂ ಪಟ್ಟಿಗಳು. ಕೆಲವು ರೋಲು ಓರ್ವೋ, ಕೆಲವು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು. ಒಂದೊಂದೂ ಕಾಗದದ ಕವರಿನಲ್ಲಿ, ಮೇಲೆ ನಂಬರು. ನಂಬರಿಗೆ ಹೆಸರು ಲೆಡ್ಜರಿನಲ್ಲಿ.

ಮೊದಲು ನಾಲ್ಕು ನೆಗೆಟಿವನ್ನು ಪೇಟೆಯಲ್ಲಿ ಒಂದು ಕಡೆ ಸ್ಕ್ಯಾನ್ ಮಾಡಿಸಿದೆ. ಬಂದ ಫೈಲಿನಲ್ಲಿ ಮುಖಗಳು ಮೇಣದ ಹಾಗೆ ಕಂಡವು. ಅದೇ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ರೆಪ್ಪೆಯ ಕೂದಲು ಎಣಿಸಬಹುದಿತ್ತು. ಇದ್ದದ್ದು ಬರುತ್ತಿಲ್ಲ ಎಂದು ಕಣ್ಣಾರೆ ಕಂಡ ಮೇಲೆ ಸುಮ್ನೆ ಇರಲು ಆಗಲಿಲ್ಲ. ಕ್ಯಾಮೆರಾದಲ್ಲೇ ತೆಗೆಯೋಣ ಎಂದು ತೀರ್ಮಾನ ಮಾಡಿದೆ.

ಲೆಕ್ಕ

ನನ್ನ ಹತ್ತಿರ ಇರುವುದು ಸೋನಿ ಎ6000. 24 ಮೆಗಾಪಿಕ್ಸೆಲ್. ಅಡ್ಡಕ್ಕೆ 6000 ಚುಕ್ಕಿ, ಉದ್ದಕ್ಕೆ 4000. ಬೆಳಕು ಹಿಡಿಯುವ ಸೆನ್ಸರ್ 23.5 × 15.6 ಮಿಮೀ. ಅಂದರೆ ಒಂದು ಚುಕ್ಕಿಯ ಅಗಲ ಸುಮಾರು 3.9 ಮೈಕ್ರಾನ್.

35 ಎಂಎಂ ನೆಗೆಟಿವ್ 36 × 24 ಮಿಮೀ. ಅದನ್ನು ಸೆನ್ಸರಿಗೆ ಸರಿಯಾಗಿ ತುಂಬಿಸಿದರೆ 36 ಮಿಲಿಮೀಟರಿಗೆ 6000 ಚುಕ್ಕಿ ಸಿಗುತ್ತದೆ. ಇಂಚಿಗೆ ಲೆಕ್ಕ ಹಾಕಿದರೆ 4200ಕ್ಕಿಂತ ಜಾಸ್ತಿ. ಇದು ಸಾಕು. ಆದರೆ 120ರ ಚೌಕ ನೆಗೆಟಿವ್ 56 × 56 ಮಿಮೀ. ಅದನ್ನು ಇಡಿಯಾಗಿ ಒಂದೇ ಫೋಟೋದಲ್ಲಿ ಹಿಡಿದರೆ 56 ಮಿಲಿಮೀಟರಿಗೆ 4000 ಚುಕ್ಕಿ ಮಾತ್ರ, ಇಂಚಿಗೆ 1800ರ ಆಸುಪಾಸು. ಅದಕ್ಕೆ ಉಪಾಯ ಇದೆ. 35 ಎಂಎಂಗೆ ಇಟ್ಟ ದೂರದಲ್ಲೇ ಕ್ಯಾಮೆರಾ ಬಿಟ್ಟು, ನೆಗೆಟಿವನ್ನು ಸರಿಸುತ್ತಾ ಆರು ತುಂಡು ತೆಗೆಯುವುದು. ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರು. ಅಡ್ಡಕ್ಕೆ 16 ಮಿಮೀ, ಉದ್ದಕ್ಕೆ 8 ಮಿಮೀ ಒಂದರ ಮೇಲೊಂದು ಬರುತ್ತದೆ. ಅಷ್ಟಿದ್ದರೆ ಕಂಪ್ಯೂಟರಿನಲ್ಲಿ ತುಂಡುಗಳನ್ನು ಹೊಲಿಯಲು ಸಾಕು. ಹೊಲಿದ ಮೇಲೆ ಪ್ರತಿ ಬದಿಗೂ ಸುಮಾರು 9300 ಚುಕ್ಕಿ, ಒಟ್ಟು 86 ಮೆಗಾಪಿಕ್ಸೆಲ್.

ಲೆನ್ಸು ಹುಡುಕಲು ದೂರ ಹೋಗಬೇಕಾಗಲಿಲ್ಲ. ಎನ್‌ಲಾರ್ಜರ್ ಜೊತೆಗೇ ಒಂದು ಇಎಲ್-ನಿಕ್ಕಾರ್ 50 ಎಂಎಂ ಎಫ್/2.8 ಇತ್ತು. ಎನ್‌ಲಾರ್ಜರ್ ಲೆನ್ಸಿನ ಕೆಲಸವೇ ಚಪ್ಪಟೆ ಫಿಲ್ಮನ್ನು ಚಪ್ಪಟೆ ಕಾಗದದ ಮೇಲೆ ಮೂಲೆ ಮೂಲೆಗೂ ಚೊಕ್ಕವಾಗಿ ಬೀಳಿಸುವುದು. ನಮಗೆ ಬೇಕಾದದ್ದೂ ಅದೇ. ಲೆನ್ಸು ಮತ್ತು ಸೆನ್ಸರ್ ನಡುವೆ ಸಾಕಷ್ಟು ದೂರ ಕೊಟ್ಟರೆ ಹತ್ತಿರದ ವಸ್ತು ಫೋಕಸ್ ಆಗುತ್ತದೆ. ಎಷ್ಟು ಹೆಚ್ಚು ದೂರ ಎಂದರೆ, ಲೆನ್ಸಿನ ಫೋಕಲ್ ಲೆಂಗ್ತ್ ಅನ್ನು ಬೇಕಾದ ಅಳತೆಯಿಂದ ಗುಣಿಸಿದರೆ ಆಯಿತು. 36 ಮಿಮೀ ಅಗಲವನ್ನು 23.5ಕ್ಕೆ ಇಳಿಸಬೇಕು, ಅಂದರೆ 0.65 ಪಟ್ಟು. 50ನ್ನು 0.65ರಿಂದ ಗುಣಿಸಿದರೆ 32.5 ಮಿಮೀ. ದೂರದ ಫೋಕಸ್‌ಗಿಂತ ಅಷ್ಟು ಮುಂದೆ ಲೆನ್ಸು ಬರಬೇಕು. ಇದಕ್ಕೆ ತಿರುಗಿಸಿದರೆ ಉದ್ದವಾಗುವ ಒಂದು ಹೆಲಿಕಾಯ್ಡ್ ಟ್ಯೂಬು, ಒಂದು ಸಣ್ಣ ಸಾದಾ ಟ್ಯೂಬು ತರಿಸಿದೆ. ಎರಡೂ 42 ಎಂಎಂ ಥ್ರೆಡ್. ಲೆನ್ಸಿನದು 39 ಎಂಎಂ. ನಡುವೆ ಒಂದು ರಿಂಗ್ ಬೇಕಿತ್ತು. ಕೊರಿಯರ್‌ಗೆ ಕಾಯುವುದು ಯಾಕೆ ಎಂದು ಇಲ್ಲೇ ಒಂದು ಲೇತ್‌ನಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿಸಿದೆ. ಆ ರಿಂಗಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸ್ಟ್ಯಾಂಡು

ಎನ್‌ಲಾರ್ಜರ್‌ನ ದೀಪದ ತಲೆ ತೆಗೆದು ಅದರ ಕಂಬಕ್ಕೇ ಕ್ಯಾಮೆರಾ ಕಟ್ಟುವುದು ಎಂದುಕೊಂಡೆ. ಕಂಬ ನೆಟ್ಟಗಿದೆ, ಓರೆ ಇಲ್ಲ. ಅದು ಒಳ್ಳೆಯದಾಯಿತು. ಓರೆ ಕಂಬದಲ್ಲಿ ಕ್ಯಾಮೆರಾ ಮೇಲೆ ಕೆಳಗೆ ಮಾಡಿದಾಗಲೆಲ್ಲ ಚಿತ್ರದ ನಡುಭಾಗ ಜರುಗುತ್ತದೆ.

ತಲೆ ಬಿಚ್ಚಲು ಸ್ಪ್ಯಾನರ್ ಹಿಡಿದಾಗ ಮಾವ ಬಂದು ಕೈ ಹಿಡಿದರು. "ತಡಿಯಪ್ಪ. ಮೊದಲು ಪೂರ್ತಿ ಮೇಲೆ ಒಯ್ದು ಬಿಗಿ ಮಾಡು. ಇಲ್ಲಾಂದ್ರೆ ಮುಖಕ್ಕೆ ಬರ್ತದೆ." ಕಾರಣ ಆಮೇಲೆ ಕಂಡಿತು. ಕಂಬದ ಒಳಗೆ ಒಂದು ಸುರುಳಿ ಸ್ಪ್ರಿಂಗ್ ಇದೆ. ಭಾರದ ತಲೆಯನ್ನು ಒಂದೇ ಕೈಯಲ್ಲಿ ಎತ್ತಲು ಆಗಲಿ ಎಂದು ಅದು ಯಾವಾಗಲೂ ಮೇಲಕ್ಕೆ ಎಳೆಯುತ್ತಿರುತ್ತದೆ. ತಲೆ ತೆಗೆದ ಕೂಡಲೇ ಎಳೆತಕ್ಕೆ ಎದುರು ಭಾರ ಇರುವುದಿಲ್ಲ. ಜಾರುವ ಭಾಗ ಬಾಣದ ಹಾಗೆ ಮೇಲಕ್ಕೆ ಹಾರುತ್ತದೆ. ಹಳೆಯ ಎನ್‌ಲಾರ್ಜರ್ ಬಿಚ್ಚುವವರು ಇದೊಂದನ್ನು ಮರೆಯಬೇಡಿ. ನಾವು ಮೇಲೆ ಒಯ್ದು, ಬಿಗಿ ಮಾಡಿ, ತಲೆ ಇಳಿಸಿ, ಸ್ಪ್ರಿಂಗಿನ ಕೊಕ್ಕೆಯನ್ನೇ ತಪ್ಪಿಸಿದೆವು. ಕ್ಯಾಮೆರಾ ಹಗುರ. ಅದಕ್ಕೆ ಸ್ಪ್ರಿಂಗ್ ಬೇಕಿಲ್ಲ.

ತಲೆಯ ಜಾಗಕ್ಕೆ 8 ಮಿಮೀ ದಪ್ಪದ ಅಲ್ಯೂಮಿನಿಯಂ ಪ್ಲೇಟು. ಕ್ಯಾಮೆರಾ ಹಿಡಿಯಲು ಕಾಲಿಂಚಿನ ಬೋಲ್ಟು. ಕ್ಯಾಮೆರಾದ ತಳದ ಥ್ರೆಡ್ ಇಂಚಿಗೆ 20 ಸುತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ 6 ಎಂಎಂ ಬೋಲ್ಟು ಕೈಗೆ ಬರುತ್ತದೆ. ನೋಡಲು ಒಂದೇ ಥರ. ಎರಡು ಸುತ್ತು ಹೋಗುತ್ತದೆ, ಆಮೇಲೆ ಹಿಡಿಯುತ್ತದೆ. ಬಲ ಹಾಕಿದರೆ ಕ್ಯಾಮೆರಾದ ಥ್ರೆಡ್ಡೇ ಹೋಯಿತು.

ದೀಪಕ್ಕೆ ಬೋರ್ಡ್ ಬರೆಯುವ ಅಂಗಡಿಯಿಂದ 3 ಮಿಮೀ ಹಾಲು ಬಿಳಿ ಅಕ್ರಿಲಿಕ್ ತುಂಡು ತಂದೆ. ಅದರ ಕೆಳಗೆ ಡಿಸಿಯಲ್ಲಿ ಉರಿಯುವ ಎಲ್‌ಇಡಿ ಪ್ಯಾನೆಲ್, ಪವರ್ ಬ್ಯಾಂಕಿನಿಂದ. ಮನೆಯ ಕರೆಂಟಿಗೆ ನೇರ ಹಾಕುವ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಕಾಣದಿದ್ದರೂ ಚಿತ್ರದಲ್ಲಿ ಪಟ್ಟೆ ಬರಬಹುದು. ಅಕ್ರಿಲಿಕ್‌ನಿಂದ ನೆಗೆಟಿವ್ 25 ಮಿಮೀ ಮೇಲೆ ಇರುವಂತೆ ಮರದ ಚೌಕಟ್ಟು ಕೂರಿಸಿದೆ. ಈ ಅಂತರ ಇದ್ದರೆ ಅಕ್ರಿಲಿಕ್ ಮೇಲಿನ ಗೀರು, ಧೂಳು ಚಿತ್ರದಲ್ಲಿ ಬರುವುದಿಲ್ಲ. ನೆಗೆಟಿವ್ ಹಿಡಿಯಲು ಎನ್‌ಲಾರ್ಜರ್‌ನ ಕ್ಯಾರಿಯರನ್ನೇ ಉಳಿಸಿಕೊಂಡೆ. ಎರಡು ಲೋಹದ ತಟ್ಟೆ, ನಡುವೆ ಚೌಕ ಕಿಂಡಿ, ಒಂದು ಬದಿಗೆ ಕೀಲು. ಇಷ್ಟು ವರ್ಷ ಆದರೂ ತಟ್ಟೆ ಒಂದಿಷ್ಟೂ ಬಾಗಿಲ್ಲ. ಅದು ನೇರವಾಗಿ ಜಾರಲಿ ಎಂದು ಎರಡು ಬದಿಗೆ ಎಲ್ ಆಂಗಲ್ ಪಟ್ಟಿ ಹೊಡೆದೆ. ಸುತ್ತಲಿನ ಬೆಳಕು ಲೆನ್ಸಿಗೆ ಬೀಳದಂತೆ ಕಪ್ಪು ಚಾರ್ಟ್ ಪೇಪರ್.

ಮೊದಲ ಫೋಟೋ

ಪರೀಕ್ಷೆಗೆ ಆರಿಸಿದ್ದು ಚಿತ್ರದುರ್ಗದ ಕೋಟೆಯಲ್ಲಿ ಮಾವ ತೆಗೆದ ಒಂದು ನೆಗೆಟಿವ್. ಕಾಲೇಜು ಹುಡುಗರ ಗುಂಪು, ಹಿಂದೆ ಕಲ್ಲಿನ ಉಯ್ಯಾಲೆ ಕಂಬ, ಅದರ ಹಿಂದೆ ದೊಡ್ಡ ಬಂಡೆ. ಬಂಡೆ ಮೂಲೆಯಿಂದ ಮೂಲೆಗೆ ತುಂಬಿದೆ. ಅದರ ಮೈಮೇಲೆ ಕಲ್ಲು ಸೀಳಲು ಹೊಡೆದ ಉಳಿ ಕಿಂಡಿಗಳ ಸಾಲು ಇದೆ. ಶಾರ್ಪ್ ನೋಡಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದಿಲ್ಲ. ಆದರೆ ನಿಜವಾಗಿ ನೋಡಬೇಕಾದದ್ದು ಬಂಡೆಯನ್ನೂ ಅಲ್ಲ, ಫಿಲ್ಮಿನ ಗ್ರೇನನ್ನು, ಅಂದರೆ ಚಿತ್ರವನ್ನು ಮಾಡಿರುವ ಸಣ್ಣ ಕಣಗಳನ್ನು. ಮಾವನ ಕೈ ಅಲ್ಲಾಡಿದ್ದರೆ ಬಂಡೆ ಮಸುಕಾಗಿರಬಹುದು. ಗ್ರೇನ್ ಮಾತ್ರ ಎಲ್ಲ ಮೂಲೆಯಲ್ಲೂ ಒಂದೇ ಥರ ಚೊಕ್ಕವಾಗಿ ಇರುತ್ತದೆ. ಅದು ಎಲ್ಲಿ ಕಾಣುವುದಿಲ್ಲವೋ ಅಲ್ಲಿ ತಪ್ಪು ನಮ್ಮ ಕಡೆ.

ಮೊದಲ ಚಿತ್ರದಲ್ಲಿ ಮೂರು ತಪ್ಪು ಕಂಡವು. ಇಡೀ ಚಿತ್ರದ ಮೇಲೆ ತೆಳು ಮಂಜು ಕವಿದ ಹಾಗೆ. ಗ್ರೇನ್ ಎಲ್ಲೂ ಗಟ್ಟಿಯಾಗಿ ನಿಂತಿಲ್ಲ. ಎಡಗಡೆಯಂತೂ ಪೂರ್ತಿ ಮಸುಕು. ಮೂರಕ್ಕೂ ಬೇರೆ ಬೇರೆ ಕಾರಣ ಎಂದು ಆಗ ಗೊತ್ತಿರಲಿಲ್ಲ. ಒಂದನ್ನು ಬದಲಾಯಿಸಿ, ಒಂದು ಫೋಟೋ ತೆಗೆದು, ಪುಸ್ತಕದಲ್ಲಿ ಬರೆದು, ಆಮೇಲೆ ಮುಂದಿನದು. ಒಟ್ಟಿಗೆ ಎರಡು ಬದಲಾಯಿಸಿದ ದಿನವೆಲ್ಲ ದಂಡವಾಯಿತು.

ಮಂಜು

ಮಂಜಿಗೆ ಮೊದಲ ಅನುಮಾನ ಲೆನ್ಸಿನ ಫಂಗಸ್ ಮೇಲೆ. ಟಾರ್ಚ್ ಬಿಟ್ಟು ನೋಡಿದೆ. ಗಾಜು ತಿಳಿಯಾಗಿತ್ತು. ಲೆನ್ಸಿನ ಮುಂದೆ ಕಪ್ಪು ಬಟ್ಟೆ ಮುಚ್ಚಿ ಒಂದು ಫೋಟೋ ತೆಗೆದೆ. ಪೂರ್ತಿ ಕಪ್ಪು ಬರಬೇಕಿತ್ತು. ಒಂದು ಬದಿಯಲ್ಲಿ ಬೂದು ಬಣ್ಣದ ಬೆಳಕು ಬಂದಿತ್ತು! ಅಂದರೆ ಬೆಳಕು ಗಾಜಿನ ಮೂಲಕ ಬರುತ್ತಿಲ್ಲ, ಬೇರೆ ಎಲ್ಲಿಂದಲೋ ನುಗ್ಗುತ್ತಿದೆ.

ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಾಗ ಸಿಕ್ಕಿತು. ಈ ಮಾದರಿಯ ಲೆನ್ಸಿನಲ್ಲಿ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿಯ, ನಂಬರು ಕತ್ತಲೆಯಲ್ಲಿ ಕಾಣಲಿ ಎಂದು ಒಂದು ಸಣ್ಣ ಕಿಟಕಿ ಇದೆ. ಎನ್‌ಲಾರ್ಜರ್‌ನ ದೀಪದ ಬೆಳಕು ಹಿಂದಿನ ಸೀಳಿನಿಂದ ಒಳಗೆ ಬಂದು ಆ ಕಿಟಕಿಯಲ್ಲಿ ನಂಬರನ್ನು ಬೆಳಗುತ್ತದೆ. ಡಾರ್ಕ್ ರೂಮಿನಲ್ಲಿ ಅದು ಒಳ್ಳೆಯ ಅನುಕೂಲ. ಈಗ ಲೆನ್ಸು ಕ್ಯಾಮೆರಾಗೆ ಕೂತಿದೆ. ಅದೇ ದಾರಿಯಲ್ಲಿ ಬೆಳಕು ಉಲ್ಟಾ ಓಡುತ್ತದೆ. ಕೋಣೆಯ ಬೆಳಕು ಕಿಟಕಿಯಿಂದ ಹೊಕ್ಕು ಸೀಳಿನಿಂದ ಸೆನ್ಸರ್ ಮೇಲೆ ಬೀಳುತ್ತದೆ. ಹಿಂದಿನ ಸೀಳಿಗೆ ಕಪ್ಪು ಇನ್ಸುಲೇಷನ್ ಟೇಪಿನ ಒಂದು ಸಣ್ಣ ತುಂಡು ಅಂಟಿಸಿದೆ. ಮುಕ್ಕಾಲು ಮಂಜು ಹೋಯಿತು.

ಉಳಿದ ಕಾಲು ಭಾಗ ಟ್ಯೂಬಿನ ಒಳಗೋಡೆಯದು. ಕಪ್ಪು ಬಣ್ಣ ಇದ್ದರೂ ಹೊಳೆಯುತ್ತಿತ್ತು. ಗಿಫ್ಟ್ ಅಂಗಡಿಯಲ್ಲಿ ಸಿಗುವ ಕಪ್ಪು ವೆಲ್ವೆಟ್ ಪೇಪರನ್ನು ಒಳಗೆ ಸುತ್ತಿದೆ. ನೆಗೆಟಿವಿನ ದಟ್ಟ ಜಾಗ, ಅಂದರೆ ಪ್ರಿಂಟಿನಲ್ಲಿ ಬೆಳ್ಳಗೆ ಬರುವ ಭಾಗ, ಅಲ್ಲಿನ ಮಡಿಕೆಗಳು ಆಗ ಬಿಡಿಸಿಕೊಂಡವು.

ನಡುಕ

ಎರಡನೆಯದು ಅಲುಗಾಟ. ಇದನ್ನು ಕಣ್ಣಲ್ಲೇ ನೋಡಬಹುದು. ಕ್ಯಾಮೆರಾದ ಪರದೆಯಲ್ಲಿ ಗ್ರೇನನ್ನು ಎಷ್ಟು ದೊಡ್ಡದು ಮಾಡಲು ಆಗುತ್ತದೋ ಅಷ್ಟು ಮಾಡಿ ಸುಮ್ಮನೆ ನೋಡುತ್ತಾ ಕೂರಿ. ನಾನು ಹಾಗೆ ಕೂತಿದ್ದೆ. ಸಾಸಿವೆ ಚೆಲ್ಲಿದ ಹಾಗೆ ಗ್ರೇನ್ ನಿಂತಿತ್ತು. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಸಾಸಿವೆ ಪೂರ್ತಿ ನಡುಗಿತು. ಬಸ್ಸು ದಾಟಿದ ಮೇಲೂ ಒಂದೆರಡು ಕ್ಷಣ ನಡುಗುತ್ತಲೇ ಇತ್ತು. ಬಸ್ಸು ಇಲ್ಲದಾಗಲೂ ಒಂದು ಸಣ್ಣ, ನಿಲ್ಲದ ಕಂಪನ ಇತ್ತು. ಅದು ಚಾವಣಿಯ ಫ್ಯಾನ್. ಆರಿಸಿದೆ, ನಿಂತಿತು.

ಮೇಜಿನ ಮೇಲೆ ಸ್ಕೂಟರ್‌ನ ಹಳೆಯ ಟ್ಯೂಬು ಇಟ್ಟು, ಅರ್ಧ ಗಾಳಿ ತುಂಬಿಸಿ, ಅದರ ಮೇಲೆ ಎರಡು ಅಡಿ ಚೌಕದ ಕಡಪಾ ಕಲ್ಲು ಹಾಸಿದೆ. ಕಲ್ಲಿನ ಮೇಲೆ ಇಡೀ ಸ್ಟ್ಯಾಂಡು. ಭಾರದ ಕಲ್ಲು, ಮೆತ್ತನೆಯ ಗಾಳಿ. ನೆಲದ ಬೇಗದ ನಡುಕ ಮೇಲಕ್ಕೆ ಬರುವುದು ಬಹಳ ಕಡಿಮೆಯಾಗುತ್ತದೆ. ಗಾಳಿ ಪೂರ್ತಿ ತುಂಬಿದರೆ ಟ್ಯೂಬು ಗಟ್ಟಿಯಾಗಿ ಉಪಯೋಗಕ್ಕೆ ಬರುವುದಿಲ್ಲ. ಕಲ್ಲನ್ನು ಬೆರಳಿನಿಂದ ತಳ್ಳಿದರೆ ತೊಟ್ಟಿಲಿನ ಹಾಗೆ ನಿಧಾನ ತೂಗಿ ನಿಲ್ಲಬೇಕು, ಆ ಹದ. ಕಲ್ಲು ಹದಕ್ಕೆ ಕೂತ ಮೇಲೆ ರಸಮಟ್ಟ ಇಟ್ಟು ನೋಡಿದೆ. ಸ್ವಲ್ಪ ವಾಲಿದ್ದರೂ ಚಿಂತೆ ಇಲ್ಲ, ಸ್ಟ್ಯಾಂಡು ನೆಗೆಟಿವ್ ಎರಡೂ ಒಟ್ಟಿಗೇ ವಾಲುತ್ತವೆ.

ಕ್ಯಾಮೆರಾ ಒಳಗಿನ ನಡುಕಕ್ಕೆ ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ ಆನ್ ಮಾಡಿದೆ. ಆಗ ಫೋಟೋ ಶುರುವಾಗುವಾಗ ಶಟರ್ ಪರದೆ ಹೊಡೆಯುವುದಿಲ್ಲ. 2 ಸೆಕೆಂಡಿನ ಟೈಮರ್ ಇಟ್ಟರೆ ಬೆರಳು ಒತ್ತಿದ ಅಲುಗಾಟವೂ ಅಷ್ಟರಲ್ಲಿ ತಣಿಯುತ್ತದೆ. ಇಷ್ಟೆಲ್ಲ ಆದರೂ ನಾನು ಕೆಲಸ ಮಾಡುವುದು ಬೆಳಗಿನ ಜಾವ ನಾಲ್ಕೂವರೆಯಿಂದ ಆರರವರೆಗೆ. ರಸ್ತೆ ಖಾಲಿ. ಏಪ್ರಿಲ್‌ನ ದಾವಣಗೆರೆಯಲ್ಲಿ ಫ್ಯಾನ್ ಇಲ್ಲದೆ ಕೂರಲು ಆಗುವ ಹೊತ್ತೂ ಅದೊಂದೇ.

ಎಡಗಡೆ

ಮೂರನೆಯದೇ ಬಹಳ ದಿನ ತಿಂದದ್ದು. ಎರಡು ವಾರ.

ಕ್ಯಾಮೆರಾ ಓರೆ ಇದೆಯಾ ಎಂದು ನೋಡಲು ಕನ್ನಡಿ ಬೇಕು. ಗಡ್ಡ ಮಾಡುವ ಸಣ್ಣ ಕನ್ನಡಿಯನ್ನು ಕ್ಯಾರಿಯರ್ ಮೇಲೆ, ನೆಗೆಟಿವ್ ಇರುವ ಜಾಗದಲ್ಲೇ ಮಲಗಿಸಿ. ಅಪರ್ಚರ್ ಎಫ್/16ಕ್ಕೆ ಮುಚ್ಚಿ. ಪರದೆಯಲ್ಲಿ ಲೆನ್ಸು ತನ್ನ ಮುಖವನ್ನೇ ನೋಡಿಕೊಳ್ಳುತ್ತದೆ, ನಡುವೆ ಒಂದು ಕಪ್ಪು ಕಣ್ಣಿನ ಹಾಗೆ. ಆ ಕಣ್ಣು ಪರದೆಯ ಸರಿ ನಡುವೆ ಇದ್ದರೆ ಕ್ಯಾಮೆರಾ ನೆಗೆಟಿವಿಗೆ ನೇರ ಇದೆ. ಇಲ್ಲದಿದ್ದರೆ ಎಷ್ಟು ಓರೆ ಇದೆಯೋ ಅಷ್ಟು ದೂರ ಸರಿದಿರುತ್ತದೆ. ಯಾವ ರಸಮಟ್ಟವೂ ಇಷ್ಟು ಸೂಕ್ಷ್ಮ ತೋರಿಸುವುದಿಲ್ಲ. ಅಲ್ಯೂಮಿನಿಯಂ ಪ್ಲೇಟಿನ ಒಂದು ಬೋಲ್ಟಿನ ಕೆಳಗೆ ತಂಪು ಪಾನೀಯದ ಕ್ಯಾನಿನ ತಗಡು ಕತ್ತರಿಸಿ ಎರಡು ಪದರ ಇಟ್ಟೆ. ಕಣ್ಣು ನಡುವಿಗೆ ಬಂದು ಕೂತಿತು.

ಆದರೂ ಎಡಗಡೆ ಮಸುಕು ಹಾಗೇ ಇತ್ತು.

ಫಿಲ್ಮು ಉಬ್ಬಿದೆಯೇನೋ ಎಂದುಕೊಂಡೆ. ನೆಗೆಟಿವನ್ನು ಅರ್ಧ ಸುತ್ತು ತಿರುಗಿಸಿ ಇಟ್ಟು ತೆಗೆದೆ. ತಪ್ಪು ಫಿಲ್ಮಿನದಾದರೆ ಮಸುಕು ಬಲಕ್ಕೆ ಹೋಗಬೇಕು. ಹೋಗಲಿಲ್ಲ, ಎಡಕ್ಕೇ ಉಳಿಯಿತು. ಅಂದರೆ ಕಾರಣ ಮೇಲಿನದ್ದು. ಕ್ಯಾಮೆರಾ, ಟ್ಯೂಬು, ರಿಂಗು, ಲೆನ್ಸು, ಈ ನಾಲ್ಕರಲ್ಲಿ ಒಂದು.

ಇಲ್ಲಿ ಎಷ್ಟು ಸಣ್ಣ ತಪ್ಪು ಸಾಕು ಎಂದು ಗೊತ್ತಿರಲಿ. ಈ ಅಳತೆಯಲ್ಲಿ, ಎಫ್/5.6ರಲ್ಲಿ, ಎರಡು ಚುಕ್ಕಿಯಷ್ಟು ಮಸುಕನ್ನು ಒಪ್ಪಿಕೊಂಡರೂ ಚೊಕ್ಕವಾಗಿ ಬರುವ ಆಳ ಒಟ್ಟು 0.35 ಮಿಮೀ. ಮೂರ್ನಾಲ್ಕು ಹಾಳೆ ಕಾಗದದ ದಪ್ಪ. ಕನ್ನಡಿ ಲೆನ್ಸು ಮತ್ತು ಸೆನ್ಸರ್ ನಡುವಿನ ಓರೆಯನ್ನು ಹಿಡಿಯುವುದಿಲ್ಲ. ಲೆನ್ಸೇ ಓರೆ ಕೂತಿದ್ದರೂ ಕಣ್ಣು ನಡುವೆ ಬರುವಂತೆ ನಾವು ಹೊಂದಿಸಿಬಿಡಬಹುದು. ನಾನು ಮಾಡಿದ್ದು ಅದನ್ನೇ.

ಲೆನ್ಸಿನ ಭುಜಕ್ಕೂ (ಥ್ರೆಡ್ಡಿನ ಬುಡದ ಚಪ್ಪಟೆ ಅಂಚು) ರಿಂಗಿನ ಮುಖಕ್ಕೂ ನಡುವೆ ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದೆ. ಬೈಕ್ ವಾಲ್ವ್ ಹೊಂದಿಸಲು ಇಟ್ಟುಕೊಂಡದ್ದು. ಒಂದು ಕಡೆ ಯಾವ ಎಲೆಯೂ ಹೋಗಲಿಲ್ಲ. ಎದುರು ಕಡೆ 0.15ರ ಎಲೆ ಸಲೀಸಾಗಿ ಹೋಯಿತು. ಲೆನ್ಸು ಪೂರ್ತಿ ಒಳಗೆ ಕೂತೇ ಇರಲಿಲ್ಲ. ಬಿಗಿಯಾದದ್ದನ್ನು ನಾನು ಕೂತಿದೆ ಎಂದು ತಿಳಿದಿದ್ದೆ.

ರಿಂಗ್ ಮಾಡಿದವರ ಹತ್ತಿರ ಹೋದರೆ "ಥ್ರೆಡ್ ಸರಿ ಇದೆ, ಬಿಗಿ ಇದ್ದರೆ ಒಳ್ಳೇದಲ್ವಾ" ಎಂದರು. ಆಮೇಲೆ ಗೆಳೆಯನೊಬ್ಬ ಹರಿಹರದ ಒಬ್ಬ ಹಿರಿಯ ಟರ್ನರ್ ಹತ್ತಿರ ಕರೆದುಕೊಂಡು ಹೋದ. ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಊರು ಅದು. ಆ ಕೆಲಸದ ಕೈಗಳು ಅಲ್ಲಿ ಇನ್ನೂ ಇವೆ. ಅವರು ನನ್ನ ಮಾತು ಪೂರ್ತಿ ಕೇಳಲಿಲ್ಲ. ಲೆನ್ಸಿನ ಹಿಂಭಾಗ ನೋಡಿ, ಡ್ರಾಯರಿನಿಂದ ಥ್ರೆಡ್ ಗೇಜ್ ತೆಗೆದರು. 1 ಮಿಮೀ ಪಿಚ್ಚಿನ, ಅಂದರೆ ಸುತ್ತಿನಿಂದ ಸುತ್ತಿಗೆ 1 ಮಿಮೀ ಅಂತರದ, ಹಲ್ಲನ್ನು ಥ್ರೆಡ್ಡಿಗೆ ಒತ್ತಿ ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಮೊದಲ ಎರಡು ಹಲ್ಲು ಕೂತಿದ್ದವು. ಆಮೇಲಿನವು ಒಂದೊಂದೇ ಎದ್ದು, ಕೊನೆಯ ಹಲ್ಲಿನ ಕೆಳಗೆ ಬೆಳಕಿನ ಗೆರೆ. ಇನ್ನೊಂದು ಎಲೆ ತೆಗೆದರು, ಇಂಚಿಗೆ 26. ಅದು ಬಾಚಣಿಗೆ ಕೂದಲಿಗೆ ಕೂತ ಹಾಗೆ ಕೂತಿತು. ಬೆಳಕು ಇಲ್ಲ.

"ಇದು ಇಂಚಿನ ಥ್ರೆಡ್ಡಪ್ಪ. ಮಿಲಿಮೀಟರ್‌ನಲ್ಲಿ ಹೊಡೆದವ್ರೆ" ಎಂದರು.

ಲೈಕಾ ಕ್ಯಾಮೆರಾದ ಹಳೆಯ 39 ಎಂಎಂ ಥ್ರೆಡ್ಡೂ ಇದೇ ಅಳತೆಯದು. ವ್ಯಾಸ ಮಿಲಿಮೀಟರಿನಲ್ಲಿ, ಪಿಚ್ ಇಂಚಿನಲ್ಲಿ. ಇಂಚಿಗೆ 26 ಎಂದರೆ 0.977 ಮಿಮೀ. 1 ಮಿಲಿಮೀಟರಿಗೂ ಅದಕ್ಕೂ ಒಂದು ಸುತ್ತಿಗೆ ಬರೀ 0.023 ವ್ಯತ್ಯಾಸ. ಐದು ಸುತ್ತು ಹೋಗುವಷ್ಟರಲ್ಲಿ ಸುಮಾರು 0.12 ಆಗುತ್ತದೆ. ಅಲ್ಲಿ ಥ್ರೆಡ್ ಥ್ರೆಡ್ಡಿಗೆ ಕಚ್ಚಿ ನಿಲ್ಲುತ್ತದೆ. ಭುಜ ಕೂರುವುದಿಲ್ಲ. ಕ್ಯಾಮೆರಾದ ತಳದ ಬೋಲ್ಟಿನ ವಿಷಯದಲ್ಲಿ ಅಷ್ಟು ಎಚ್ಚರ ಇದ್ದವನಿಗೆ ಇದೂ ಅದೇ ರೋಗ ಎಂದು ಹೊಳೆದಿರಲಿಲ್ಲ.

ಅವರು ಹೊಸ ರಿಂಗ್ ಮಾಡಿಕೊಟ್ಟರು. ಹೇಗೆ ಮಾಡಿದರು ಎಂಬುದನ್ನು ಹೇಳಲೇಬೇಕು. ಅಲ್ಯೂಮಿನಿಯಂ ಸರಳನ್ನು ಚಕ್‌ನಲ್ಲಿ ಒಮ್ಮೆ ಹಿಡಿದರು. ಆ ಒಂದೇ ಹಿಡಿತದಲ್ಲಿ ಲೆನ್ಸಿನ ಭುಜ ಕೂರುವ ಮುಖ ಕೆತ್ತಿ, ಒಳಗಿನ 39ರ ಥ್ರೆಡ್ ಹೊಡೆದರು. ನಡುವೆ ಬಿಚ್ಚಲಿಲ್ಲ. ಮುಖ ಮತ್ತು ಥ್ರೆಡ್ ಒಂದೇ ಅಕ್ಷಕ್ಕೆ ಹುಟ್ಟಬೇಕು ಎಂದರು. ಆಮೇಲೆ ಕತ್ತರಿಸಿ, ಇನ್ನೊಂದು ಸರಳಿಗೆ ಗಂಡು 39 ಥ್ರೆಡ್ ಹೊಡೆದು, ರಿಂಗನ್ನು ಅದರ ಮೇಲೆ ತಿರುಗಿಸಿ ಕೂರಿಸಿ, ಹಿಂದಿನ ಮುಖ ಮತ್ತು 42ರ ಥ್ರೆಡ್ ಮಾಡಿದರು. ಕೈಯಲ್ಲಿ ಲೆನ್ಸು ತಿರುಗಿಸಿದರೆ ಎಣ್ಣೆಯಲ್ಲಿ ಇಳಿದ ಹಾಗೆ ಇಳಿದು, ಕೊನೆಗೆ ಟಕ್ ಎಂದು ಭುಜ ಮುಟ್ಟಿ ನಿಂತಿತು. ವರ್ನಿಯರ್‌ನಲ್ಲಿ ನಾಲ್ಕು ಕಡೆ ಅಳೆದೆ. ನಾಲ್ಕೂ ಒಂದೇ.

ಆ ರಾತ್ರಿ ಕನ್ನಡಿ ಮತ್ತೆ ಇಟ್ಟೆ. ಕಣ್ಣು ನಡುವಿನಿಂದ ಸರಿದಿತ್ತು. ಪ್ಲೇಟಿನ ಕೆಳಗಿನ ತಗಡಿನ ಎರಡು ಪದರವನ್ನೂ ತೆಗೆದೆ. ನಡುವಿಗೆ ಬಂತು. ರಿಂಗಿನ ಓರೆಯನ್ನು ಮುಚ್ಚಲು ನಾನೇ ಕ್ಯಾಮೆರಾವನ್ನು ಓರೆ ಮಾಡಿದ್ದೆ. ಬೆಳಗಿನ ಜಾವ ಕೋಟೆಯ ನೆಗೆಟಿವ್ ಇಟ್ಟು ತೆಗೆದರೆ ನಾಲ್ಕು ಮೂಲೆಯಲ್ಲೂ ಸಾಸಿವೆ.

ಅಪರ್ಚರ್

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಹತ್ತಿರದಿಂದ ತೆಗೆಯುವಾಗ ಲೆನ್ಸಿನ ಮೇಲಿನ ನಂಬರು ಪೂರ್ತಿ ನಿಜ ಹೇಳುವುದಿಲ್ಲ. ಅದನ್ನು 1.65ರಿಂದ ಗುಣಿಸಬೇಕು, 1ಕ್ಕೆ ನಮ್ಮ 0.65 ಸೇರಿಸಿ. ಎಫ್/5.6 ಎಂದರೆ ಇಲ್ಲಿ ಸುಮಾರು ಎಫ್/9. ಎಫ್/16 ಎಂದರೆ ಎಫ್/26. ಕಿಂಡಿ ಸಣ್ಣದಾದಷ್ಟೂ ಬೆಳಕು ಅಂಚಿನಲ್ಲಿ ಹರಡಿ ಒಂದು ಚುಕ್ಕಿ ಒಂದು ಬಿಲ್ಲೆಯಾಗುತ್ತದೆ. ಹಸಿರು ಬೆಳಕಿಗೆ ಲೆಕ್ಕ ಹಾಕಿದರೆ ಎಫ್/5.6ರಲ್ಲಿ ಆ ಬಿಲ್ಲೆ ಸೆನ್ಸರಿನ ಮೂರು ಚುಕ್ಕಿಯಷ್ಟು, ಎಫ್/16ರಲ್ಲಿ ಒಂಬತ್ತು ಚುಕ್ಕಿಯಷ್ಟು. ಎಫ್/16ರಲ್ಲಿ ಗ್ರೇನ್ ಕರಗಿ ಗಂಜಿಯಾದದ್ದು ಅದಕ್ಕೇ. ಎಫ್/2.8ರಲ್ಲಿ ನಡುಭಾಗ ಪರವಾಗಿಲ್ಲ, ಮೂಲೆ ಸೋಲುತ್ತದೆ. ನನಗೆ ಎಫ್/5.6 ಸರಿ ಬಂತು. ಸ್ವಲ್ಪ ಉಬ್ಬಿದ ನೆಗೆಟಿವಿಗೆ ಮಾತ್ರ ಎಫ್/8. ಐಎಸ್‌ಒ 100, ಶಟರ್ 1/8. ಎಲ್ಲ ಮ್ಯಾನ್ಯುಯಲ್. ಆರು ತುಂಡಿಗೂ ಒಂದೇ ಬೆಳಕು, ಒಂದೇ ಫೋಕಸ್.

ನೆಗೆಟಿವ್ ಮುಟ್ಟುವುದು

ಸುರುಳಿಯಾದ ನೆಗೆಟಿವ್‌ಗಳನ್ನು ಬಟರ್ ಪೇಪರ್ ನಡುವೆ ಇಟ್ಟು ಲೆಡ್ಜರ್ ಪುಸ್ತಕಗಳ ಕೆಳಗೆ ಒಂದು ವಾರ ಬಿಟ್ಟೆ. ಹೆಚ್ಚಿನವು ಸರಿಯಾದವು. ಧೂಳಿಗೆ ರಬ್ಬರ್ ಬಲ್ಬಿನ ಗಾಳಿ, ಆಮೇಲೆ ಮೆತ್ತನೆ ಬ್ರಷ್. ಐಸೊಪ್ರೊಪೈಲ್ ಆಲ್ಕೋಹಾಲ್ ತಂದು ಹತ್ತಿಗೆ ಹಾಕಿ ಒರೆಸಲು ಹೊರಟಿದ್ದೆ. ಮಾವ ಜೋರಾಗಿಯೇ ತಡೆದರು. "ಎಮಲ್ಷನ್ ಕಡೆ ಮುಟ್ಟಬೇಡ. ಟಚಿಂಗ್ ಹೋಗ್ತದೆ." ಆಗ ಅದು ಏನೆಂದು ಪೂರ್ತಿ ಅರ್ಥ ಆಗಲಿಲ್ಲ. ಹೊಳೆಯುವ ಬೆನ್ನಿನ ಕಡೆ ಮಾತ್ರ, ಅದೂ ತೀರಾ ಕಲೆ ಇದ್ದರೆ, ಒರೆಸಿದೆ.

ಎಮಲ್ಷನ್ ಕಡೆಯನ್ನೇ ಲೆನ್ಸಿಗೆ ಮುಖ ಮಾಡಿ ಇಡುತ್ತೇನೆ. ಚಿತ್ರ ಎಡ ಬಲ ಉಲ್ಟಾ ಬರುತ್ತದೆ, ಕಂಪ್ಯೂಟರಿನಲ್ಲಿ ಒಂದು ಕ್ಲಿಕ್ಕಿಗೆ ತಿರುಗುತ್ತದೆ. ಚಿತ್ರ ಇರುವುದು ಎಮಲ್ಷನ್‌ನಲ್ಲಿ. ಅದನ್ನು ಫಿಲ್ಮಿನ ಗೀರು ಬಿದ್ದ ಬೆನ್ನಿನ ಮೂಲಕ ಯಾಕೆ ನೋಡಬೇಕು?

ದಿನದ ಕೆಲಸದಲ್ಲಿ ಮೊದಲ ಫೋಟೋ ನೆಗೆಟಿವ್ ಇಲ್ಲದೆ, ಬರೀ ದೀಪದ್ದು. ಲೆನ್ಸಿನ ಮೂಲೆಯಲ್ಲಿ ಬೆಳಕು ಸ್ವಲ್ಪ ಕಡಿಮೆ ಇರುತ್ತದೆ. ರಾಥೆರಪೀಯಲ್ಲಿ ಆ ಖಾಲಿ ಫೋಟೋ ಕೊಟ್ಟರೆ ಉಳಿದ ಎಲ್ಲದರಲ್ಲೂ ಅದನ್ನು ಸರಿಮಾಡುತ್ತದೆ. ಇದನ್ನು ಬಿಟ್ಟರೆ ಆರು ತುಂಡು ಹೊಲಿದಾಗ ಆಕಾಶದಲ್ಲಿ ಕಿಟಕಿ ಸರಳಿನ ಹಾಗೆ ಗೆರೆ ಕಾಣುತ್ತವೆ. ಹೊಲಿಯಲು ಹುಗಿನ್. ಎರಡೂ ಉಚಿತ ಸಾಫ್ಟ್‌ವೇರ್.

ಎಲ್ಲ ನೆಗೆಟಿವಿಗೂ ಆರು ತುಂಡು ಬೇಕಾಗಿಲ್ಲ. ಪಾಸ್‌ಪೋರ್ಟ್ ಅಳತೆಗೆ ತೆಗೆದ ಮುಖಗಳನ್ನು, ಫೋಕಸ್ ತಪ್ಪಿದವನ್ನು ಒಂದೇ ಫೋಟೋದಲ್ಲಿ ಮುಗಿಸುತ್ತೇನೆ. ಅದಕ್ಕೆ ಟ್ಯೂಬು ಗಿಡ್ಡ ಮಾಡಬೇಕು, 32.5ರ ಬದಲು 14 ಮಿಮೀ ಸಾಕು. ಯಾಶಿಕಾವನ್ನು ಸ್ಟ್ಯಾಂಡಿನ ಮೇಲೆ ಇಟ್ಟು ತೆಗೆದ ಗುಂಪು ಫೋಟೋ, ಮದುವೆ ಮಂಟಪ, ಮಿಲ್ ಗೇಟಿನ ಮುಂದಿನ ಸಾಲು, ಇವುಗಳಿಗೆ ಆರು. ಆರು ತುಂಡಿನದಕ್ಕೆ ಹೊಲಿಗೆ ಸೇರಿ ಹದಿನೈದು ನಿಮಿಷ ಹಿಡಿಯುತ್ತದೆ.

ಪೆನ್ಸಿಲ್

ಮೇ ಕೊನೆಯಲ್ಲಿ ಒಂದು ಮದುಮಗಳ ನೆಗೆಟಿವ್ ಬಂತು. ಆರು ತುಂಡು ಹೊಲಿದು, ಉಲ್ಟಾ ತಿರುಗಿಸಿ, ಮುಖವನ್ನು ಪರದೆ ತುಂಬ ದೊಡ್ಡದು ಮಾಡಿದೆ. ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಸಣ್ಣ ಸಣ್ಣ ಗುರುತು. ಗ್ರೇನ್‌ಗಿಂತ ದೊಡ್ಡವು, ಒಂದೇ ಲಯದಲ್ಲಿ ಹಾಕಿದ ಪುಟ್ಟ ಸುತ್ತುಗಳು. ಫಂಗಸ್ ಇರಬೇಕೆಂದು ಮಾವನನ್ನು ಕರೆದೆ.

ಅವರು ಕನ್ನಡಕ ಹಾಕಿಕೊಂಡು ಬಂದು ಬಹಳ ಹೊತ್ತು ನೋಡಿದರು. ಟಚಿಂಗ್ ಎಂದರೆ ಇದೇ. ನೆಗೆಟಿವಿನ ಎಮಲ್ಷನ್ ಮೇಲೆ ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಮುಖದ ಕಲೆ, ಸಿಡುಬಿನ ಗುಳಿ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ತುಂಬುತ್ತಿದ್ದರು. ಪೆನ್ಸಿಲ್ ಬಿದ್ದಲ್ಲಿ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ. ಪ್ರಿಂಟಿನಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಕಾಣಬಾರದು, ಅದೇ ಕೆಲಸ.

"ಇದು ನನ್ನ ಕೈ ಅಲ್ಲ" ಎಂದರು ಮಾವ. "ನಾನು ಹೀಗೆ ಅಲ್ಪವಿರಾಮದ ಥರ ಎಳೀತಿದ್ದೆ, ಓರೆ. ಸುತ್ತು ಹಾಕ್ತಿದ್ದದ್ದು ನಮ್ಮ ಟಚಿಂಗ್ ಅಣ್ಣ. ನನಗೆ ಕಲಿಸಿದವರು. ಸಂಜೆ ಕಿಟಕಿ ಹತ್ರ ಕೂರೋರು."

ಅವರು ತೀರಿಕೊಂಡು ಬಹಳ ಕಾಲ ಆಯಿತಂತೆ. ಅವರದೊಂದು ಫೋಟೋ ಇಡೀ ಸ್ಟುಡಿಯೋದಲ್ಲಿ ಇಲ್ಲ.

ಗುರುತುಗಳನ್ನು ಕಂಪ್ಯೂಟರಿನಲ್ಲಿ ಅಳಿಸಬಹುದಿತ್ತು. ಅಳಿಸಲಿಲ್ಲ. ಪ್ರತಿ ನೆಗೆಟಿವಿಗೂ ಈಗ ಎರಡು ಫೈಲು ಇಡುತ್ತೇನೆ, ಒಂದು ಮನೆಯವರಿಗೆ ಕೊಡಲು ಪ್ರಿಂಟಿನ ಅಳತೆಯದು, ಇನ್ನೊಂದು ಪೆನ್ಸಿಲ್ ಗೆರೆ ಕಾಣುವ ಪೂರ್ತಿ ಅಳತೆಯದು. ಮಾವ ಸಂಜೆ ಬಂದು ಪಕ್ಕದಲ್ಲಿ ಕೂರುತ್ತಾರೆ. ನಾನು ಮುಖ ದೊಡ್ಡದು ಮಾಡುತ್ತೇನೆ. ಅವರು ನೋಡಿ, ಲೆಡ್ಜರಿನಲ್ಲಿ ನಂಬರಿನ ಮುಂದೆ ಸುತ್ತು ಹಾಕುತ್ತಾರೆ, ಇಲ್ಲವೇ ಓರೆ ಗೆರೆ ಎಳೆಯುತ್ತಾರೆ. ನಾಲ್ಕನೆಯ ಪೆಟ್ಟಿಗೆ ನಡೆಯುತ್ತಿದೆ. ಇದುವರೆಗೆ 61 ಸುತ್ತು.